ಪಿಯಾನೋ ಕಾಕನ ಅಂಬಿಗ

ಅವರ ಬಲಗಾಲಿನ ಚಪ್ಪಲಿ ತುದಿಯಲ್ಲಿ ಮಾತ್ರ ಸವೆಯುತ್ತಿತ್ತು. ಎಡಗಾಲಿನದ್ದು ಅಂಗಡಿಯಿಂದ ತಂದ ದಿನದ ಹಾಗೆ ಗಟ್ಟಿಮುಟ್ಟಾಗಿ ಇರುವಾಗಲೇ ಬಲಗಾಲಿನದ್ದರ ಮೂತಿ ತೆಳ್ಳಗಾಗಿ, ಹೆಬ್ಬೆರಳಿನ ಜಾಗದಲ್ಲಿ ತೂತು ಬಿದ್ದಿರುತ್ತಿತ್ತು. ನೋಡಿದವರಿಗೆ ಇವರು ಕುಂಟುತ್ತಾರೋ ಎಂದು ಅನುಮಾನ ಬರಬೇಕು. ಕುಂಟುತ್ತಿರಲಿಲ್ಲ. ಪೆಡಲ್ ತುಳಿಯುತ್ತಿದ್ದರು. ಪಿಯಾನೋದ ಮುಂದೆ ಕೂತು ತುಳಿದರೆ ಸರಿ, ಪೆಡಲ್ ಇರುವುದೇ ಅದಕ್ಕೆ. ಇವರು ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ರೇಷನ್ ಅಂಗಡಿಯ ಬೆಂಚಿನಲ್ಲಿ, ಹೀಗೆ ಕೂತಲ್ಲೆಲ್ಲ ಇಲ್ಲದ ಪೆಡಲನ್ನು ತುಳಿಯುವವರು. ಕಾಸರಗೋಡಿನ ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ಸಿಕ್ಕಿತೆಂದರೆ ಮುಗಿಯಿತು. ಇವರ ಕಾಲು ಒತ್ತಿದಾಗ ಬಸ್ಸು ನಿಲ್ಲುವುದಿಲ್ಲ, ಎತ್ತಿದಾಗ ಓಡುವುದಿಲ್ಲ. ಪಕ್ಕದಲ್ಲಿ ಕೂತು ನೋಡುವವರಿಗೆ ತಲೆ ತಿರುಗಿ ವಾಂತಿ ಬರುವುದೊಂದು ಬಾಕಿ.

ಬ್ಯಾರಿ ಮುಸ್ಲಿಮರ ಮನೆಗಳಲ್ಲಿ ಹಿರಿಯರನ್ನು ಕಾಕ ಎನ್ನುವ ರೂಢಿ. ನಮ್ಮ ಸೀತಾಂಗೋಳಿಯ ಸುತ್ತ ಕಾಕಂದಿರಿಗೆ ಬರಗಾಲವಿಲ್ಲ. ಸಿಮೆಂಟ್ ಕಾಕ ಇದ್ದರು, ಮೀನಿನ ಕಾಕ ಇದ್ದರು, ಯಾವ ಕೆಲಸವನ್ನೂ ಮಾಡದೆ ಪೇಟೆಯಲ್ಲಿ ನಿಲ್ಲುವ ಒಬ್ಬರಿಗೆ ಸ್ಟಾಪ್ ಕಾಕ ಎಂದೇ ಹೆಸರು. ಇವರು ಪಿಯಾನೋ ಕಾಕ. ತುಳು ಮಾತಾಡುವ ಮನೆಯ ನಾನೂ ಹಾಗೆಯೇ ಕರೆದೆ.

ನನ್ನ ಕಸುಬು ಮಿಮಿಕ್ರಿ. ಕಸುಬು ಎಂದರೆ ಊಟಕ್ಕಾಗುವಷ್ಟು ಎಂದು ಯಾರೂ ತಿಳಿಯಬಾರದು. ಊಟ ಅಮ್ಮ ಹಾಕುತ್ತಾರೆ. ಶಾಲಾ ಕಲೋತ್ಸವದಲ್ಲಿ ಬಹುಮಾನ ಬಂದದ್ದೇ ನನ್ನ ಹಾಳಾಗುವಿಕೆಗೆ ಕಾರಣ ಎಂದು ಅಪ್ಪನ ಅಭಿಪ್ರಾಯ. ಪ್ಲಸ್ ಟೂ ಪರೀಕ್ಷೆಯಲ್ಲಿ ನಾನು ಪ್ರಶ್ನೆಪತ್ರಿಕೆಯನ್ನೂ ಅನುಕರಣೆ ಮಾಡಿದ್ದೆ, ಕೇಳಿದ ಪ್ರಶ್ನೆಗಳನ್ನೇ ಉತ್ತರವಾಗಿ ಬರೆದು ಬಂದಿದ್ದೆ. ನಮ್ಮೂರ ವಾಯನಶಾಲೆಯ, ಅಂದರೆ ಗ್ರಂಥಾಲಯದ, ವಾರ್ಷಿಕೋತ್ಸವದಲ್ಲಿ ಪ್ರತಿ ವರ್ಷವೂ ಸ್ವಾಗತ ಭಾಷಣಕ್ಕೂ ಊಟಕ್ಕೂ ನಡುವೆ ನನಗೊಂದು ಸಂದು ಸಿಗುತ್ತದೆ. ಅಲ್ಲಿ ನಾನು ಊರವರನ್ನೇ ಒಬ್ಬೊಬ್ಬರಾಗಿ ವೇದಿಕೆಗೆ ಎಳೆದು ತರುತ್ತೇನೆ. ಒಂದು ವರ್ಷ ಹಾಗೆ ಪಿಯಾನೋ ಕಾಕನನ್ನೂ ತಂದೆ. ಬಸ್ಸಿನಲ್ಲಿ ಕೂತ ಭಂಗಿ, ಅರ್ಧ ಮುಚ್ಚಿದ ಕಣ್ಣು, ಒತ್ತುವ ಬಲಗಾಲು. ಜನ ಬಿದ್ದು ಬಿದ್ದು ನಕ್ಕರು. ಕೊನೆಯ ಸಾಲಿನಲ್ಲಿ ಕಾಕನೇ ಕೂತಿದ್ದರೆಂಬುದು ವೇದಿಕೆ ಇಳಿದ ಮೇಲೆ ಗೊತ್ತಾಯಿತು.

ಓಡಿಹೋಗುವ ಅಂದಾಜಿನಲ್ಲಿದ್ದೆ. ಅವರು ಅಡ್ಡ ಬಂದು ನಿಂತು ನನ್ನ ಕಾಲನ್ನೇ ನೋಡಿದರು. ಮತ್ತೆ ಹೇಳಿದರು:

“ಕಾಲು ಲಾಯ್ಕ ಉಂಟು. ತಾಳ ಮಾತ್ರ ತಪ್ಪು. ನಾಳೆ ಮನೆಗೆ ಬಾ, ಹೇಳಿಕೊಡ್ತೇನೆ.”

ತನ್ನನ್ನು ಗೇಲಿ ಮಾಡಿದವನಿಗೆ ಇನ್ನೂ ಸರಿಯಾಗಿ ಗೇಲಿ ಮಾಡುವುದು ಹೇಗೆಂದು ಹೇಳಿಕೊಟ್ಟ ಮನುಷ್ಯನನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಮೇಲೂ ನೋಡಿಲ್ಲ.

ಅವರ ಮನೆ ಒಂದು ಮರದ ಮಿಲ್ಲಿನ ಬೆನ್ನಿಗಿತ್ತು. ಬೆಳಿಗ್ಗೆಯಿಂದ ಗರಗಸ ಕಿರುಚುತ್ತದೆ. ಮಿಲ್ಲಿನವರು ಚಹಾಕ್ಕೆ ನಿಲ್ಲಿಸಿದಾಗ ಕಾಕ ಪಿಯಾನೋಕ್ಕೆ ಕೂರುತ್ತಾರೆ. ಅವರ ದಿನಚರಿಯನ್ನು ನಿರ್ಧರಿಸುತ್ತಿದ್ದದ್ದು ಮಿಲ್ಲಿನ ಚಹಾ. ಪಿಯಾನೋ ಹಳೆಯದು, ಎತ್ತರದ ಬೆನ್ನಿನದ್ದು, ಗಲ್ಫಿನಿಂದ ಕಂಟೇನರಿನಲ್ಲಿ ಸೋಫಾ, ಕಂಬಳಿ, ಖರ್ಜೂರದ ಪೆಟ್ಟಿಗೆಗಳ ನಡುವೆ ಮಲಗಿಕೊಂಡು ಬಂದದ್ದು. ನಮ್ಮ ಕಡಲ ಗಾಳಿ ಅದಕ್ಕೆ ಆಗುವುದಿಲ್ಲ. ಮಳೆಗಾಲದಲ್ಲಿ ಮರ ಉಬ್ಬಿ ಕೀಲಿಗಳು ಒತ್ತಿದಲ್ಲೇ ಕೂತುಬಿಡುತ್ತಿದ್ದವು. ಅದಕ್ಕೆ ಕಾಕ ಪಿಯಾನೋದ ಹೊಟ್ಟೆಯೊಳಗೆ ಒಂದು ಸಣ್ಣ ಬಲ್ಬು ಉರಿಸಿಡುತ್ತಿದ್ದರು. ಕರೆಂಟು ಹೋದರೆ ಕಾಕ ಮೊದಲು ಫೋನು ಮಾಡುತ್ತಿದ್ದದ್ದು ವಿದ್ಯುತ್ ಆಫೀಸಿಗೆ. ಅಲ್ಲಿಯವರು ಆ ಸ್ವರ ಕೇಳಿದ ಕೂಡಲೇ, ಪಿಯಾನೋಕ್ಕೆ ಶೀತ ಆಯ್ತಾ ಕಾಕಾ ಎಂದು ವಿಚಾರಿಸುತ್ತಿದ್ದರಂತೆ.

ನನಗೆ ತಾಳ ಕಲಿಸುತ್ತೇನೆಂದು ಕರೆದವರು ಮೊದಲ ದಿನವೇ ಕೈಗೆ ಒಂದು ಕಾದಂಬರಿ ಕೊಟ್ಟು ಓದು ಎಂದರು. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಬ್ಬಾಗಿತ್ತು. ಓದಿ ಹೇಳುವವರು ಬೇಕಿತ್ತು. ನಾನು ಬಿಡುತ್ತೇನೆಯೇ? ಗೌಡನಿಗೆ ಗೌಡನ ಸ್ವರ, ಮುದುಕಿಗೆ ಮುದುಕಿಯ ಸ್ವರ, ಕತೆಯಲ್ಲಿ ಬಂದ ಎಮ್ಮೆಗೂ ಎಮ್ಮೆಯದ್ದೇ ಸ್ವರ ಕೊಟ್ಟು ಓದಿದೆ. ಎರಡು ಪುಟ ಆಗುವಾಗ ಕಾಕ ಕೈ ಎತ್ತಿದರು.

“ಎಲ್ಲ ಕುರ್ಚಿಯಲ್ಲೂ ನೀನೇ ಕೂತ್ರೆ ನಾನು ಎಲ್ಲಿ ಕೂರುವುದು ಮಾರಾಯ? ಸಾದಾ ಓದು.”

ಸಾದಾ ಓದುವುದು ನನಗೆ ಬರುತ್ತಿರಲಿಲ್ಲ. ಸಾದಾ ಎಂಬ ಸ್ವರ ನನ್ನ ಬಳಿ ಇರಲೇ ಇಲ್ಲ. ರೇಡಿಯೋದಲ್ಲಿ ವಾರ್ತೆ ಓದುವವರನ್ನು ಅನುಕರಿಸಿ ಹೇಗೋ ಸುಧಾರಿಸಿದೆ. ಅವರು ಕೇಳುತ್ತಾ, ಬಲಗಾಲು ಒತ್ತುತ್ತಾ, ಒಂದು ವಾಕ್ಯ ಮುಗಿದಲ್ಲಿ ನನ್ನನ್ನು ತಡೆದು ಪಿಯಾನೋದಲ್ಲಿ ಉತ್ತರ ಕೊಡುತ್ತಿದ್ದರು. ಕತೆಯನ್ನು ಸಂಗೀತದಲ್ಲಿ ಹೇಳುವುದು ಎಂದರೆ ಗುಡುಗು ಬಂದಾಗ ಗುಡುಗಿನ ಸದ್ದು, ಅತ್ತಾಗ ಅಳುವಿನ ಸದ್ದು ಎಂದು ನಾನು ತಿಳಿದಿದ್ದೆ. ಕಾಕನದ್ದು ಹಾಗಲ್ಲ. ಅರಮನೆಯಂಥ ಮನೆಯಲ್ಲಿ ದೊಡ್ಡವರೆಲ್ಲ ಕೂತು ಜಗಳವಾಡುವ ಅಧ್ಯಾಯ ಓದಿದರೆ, ಅವರಿಗೆ ಕಾಣುತ್ತಿದ್ದದ್ದು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತ ಆಳು. ಬರೆದವನು ಅವನಿಗೆ ಅರ್ಧ ಸಾಲು ಕೊಟ್ಟಿರುತ್ತಾನೆ. ಕಾಕ ಅವನಿಗೆ ಇಡೀ ಟ್ಯೂನ್ ಕಟ್ಟುತ್ತಿದ್ದರು.

“ನಾನೂ ಹಾಗೆ ನಿಂತವನೇ,” ಎನ್ನುತ್ತಿದ್ದರು.

ನಿಂತವರೇ ಹೌದು. ಮೀಸೆ ಚಿಗುರುವ ಕಾಲಕ್ಕೆ ಗಲ್ಫಿಗೆ ಹೋಗಿ ಒಂದು ದೊಡ್ಡ ಹೋಟೆಲಿನಲ್ಲಿ ಪೆಟ್ಟಿಗೆ ಹೊರುವ ಕೆಲಸಕ್ಕೆ ಸೇರಿದ್ದರು. ಅದರ ಹಜಾರದಲ್ಲಿ ಸಂಜೆಯ ಹೊತ್ತು ಪಿಯಾನೋ ಬಾರಿಸಲು ಅಮೆರಿಕದಿಂದ ಬಂದ ಒಬ್ಬ ವಯಸ್ಸಾದ ಕಲಾವಿದ ಇದ್ದನಂತೆ. ಪೆಟ್ಟಿಗೆ ಹೊತ್ತವನು ಅದನ್ನು ಲಿಫ್ಟಿನ ಬಳಿ ಇಳಿಸದೆ ಹೆಗಲಲ್ಲೇ ಇಟ್ಟುಕೊಂಡು ಕೇಳುತ್ತಾ ನಿಲ್ಲುವುದನ್ನು ಆತ ಗಮನಿಸಿ, ಮಧ್ಯಾಹ್ನ ಹಜಾರ ಖಾಲಿ ಇರುವಾಗ ಪಕ್ಕದಲ್ಲಿ ಕೂರಿಸಿ ಜಾಝ್ ಕಲಿಸಿದ. ಆತ ಊರಿಗೆ ಮರಳಿದಾಗ ಅದೇ ಸ್ಟೂಲಿನಲ್ಲಿ ನಮ್ಮ ಕಾಕ. ಕಪ್ಪು ಕೋಟು, ಕಪ್ಪು ಬೋ. ಆ ಕೋಟಿನ ಫೋಟೋ ನೋಡಿ ಊರಿನಲ್ಲಿ ಕೆಲವರು ಮ್ಯಾನೇಜರ್ ಎಂದರು, ಕೆಲವರು ವಕೀಲ ಎಂದರು. ಯಾರೂ ನಿಜ ಹೇಳದ ಕಾರಣ ಹೆಣ್ಣು ಸಿಕ್ಕಿತು ಎಂದು ಕಾಕನೇ ನಗುತ್ತಿದ್ದರು.

ಹೋಟೆಲಿನ ಅತಿಥಿಗಳಿಗೆ ಬೇಕಾದದ್ದು ಗೊತ್ತಿರುವ ಹಾಡುಗಳು. ಅವುಗಳಲ್ಲಿ ಎರಡರ ನಡುವೆ ಕಾಕ ತನ್ನದೊಂದನ್ನು ತೂರಿಸುತ್ತಿದ್ದರು. ಊರಿನಿಂದ ಯಾರಾದರೂ ಬರುವಾಗ ತಂದ ಕನ್ನಡ ಕಾದಂಬರಿಗಳನ್ನು ಬಂಕ್ ಮಂಚದಲ್ಲಿ ಮಲಗಿ ಓದಿ, ಅವುಗಳಿಂದ ಕಟ್ಟಿದ ಸಂಗೀತ. ಕನ್ನಡ ಶಾಲೆಯಲ್ಲಿ ಕಲಿತವರಲ್ಲವೇ, ಮನೆಯಲ್ಲಿ ಬ್ಯಾರಿ, ಹೋಟೆಲಿನಲ್ಲಿ ಇಂಗ್ಲಿಷ್ ಮತ್ತು ಅರಬ್ಬಿ, ಓದು ಮಾತ್ರ ಕನ್ನಡ. ಹಜಾರದಲ್ಲಿ ಕಾಫಿ ಕುಡಿಯುತ್ತಿದ್ದ ಯುರೋಪಿನ ವ್ಯಾಪಾರಿಗಳಿಗೆ ತಾವು ಕೇಳುತ್ತಿರುವುದು ಒಂದು ಕನ್ನಡ ಕಾದಂಬರಿಯ ಮೂರನೇ ಅಧ್ಯಾಯ ಎಂದು ಹೇಗೆ ಗೊತ್ತಾಗಬೇಕು? ಮುಂದೆ ಫಿಲಿಪೈನ್ಸಿನ ಒಬ್ಬ ಬಾಸ್ ವಾದಕ, ಶ್ರೀಲಂಕಾದ ಒಬ್ಬ ಡ್ರಮ್ಮರ್ ಜೊತೆಗೂಡಿ ಬೇರೆ ಬೇರೆ ದೇಶದ ಜಾಝ್ ಉತ್ಸವಗಳಲ್ಲಿ ಬಾರಿಸಿದರು. ಎರಡು ಆಲ್ಬಮ್ ಬಂತು. ಹೊರಗೆ ಅವರನ್ನು ಬಲ್ಲವರಿದ್ದರು. ಇಲ್ಲಿ, ಮದುವೆಗೆ ಕೀಬೋರ್ಡ್ ಬಾರಿಸಲು ಬರ್ತೀರಾ ಎಂದು ಕೇಳುವವರಿದ್ದರು. ಕಾಕ ಹೋಗುತ್ತಿದ್ದರು ಕೂಡ, ಬಿರಿಯಾನಿ ಒಳ್ಳೆಯದಿದ್ದರೆ.

ಅವರ ಎಲ್ಲಕ್ಕಿಂತ ದೊಡ್ಡ ಕೃತಿ ಅಂಬಿಗನದ್ದು. ಅದರ ಕತೆಯೇ ಒಂದು ಕತೆ. ಹೋಟೆಲಿನ ಕೆಲಸಗಾರರ ಕೋಣೆಗೆ ಒಂದು ಕಾದಂಬರಿ ಬಂದಿತ್ತಂತೆ, ರಟ್ಟಿಲ್ಲ, ಹೆಸರಿಲ್ಲ, ಬರೆದವರಾರೆಂದು ಇಲ್ಲ. ಕೊನೆಯ ಪುಟಗಳೂ ಇಲ್ಲ. ಯಾರದ್ದೋ ತಾಯಿ ಮಗನ ಪೆಟ್ಟಿಗೆ ಕಟ್ಟುವಾಗ ಉಪ್ಪಿನಕಾಯಿ ಬಾಟಲಿ ಒಡೆಯಬಾರದೆಂದು ಕೈಗೆ ಸಿಕ್ಕಿದ ಪುಸ್ತಕದಿಂದ ಕೆಲವು ಪುಟ ಹರಿದು ಸುತ್ತಿ, ಉಳಿದದ್ದನ್ನು ಬಾಟಲಿ ಅಲುಗದ ಹಾಗೆ ಪಕ್ಕದಲ್ಲಿ ಒತ್ತಿಟ್ಟಿದ್ದರು. ಗಲ್ಫಿಗೆ ಪೆಟ್ಟಿಗೆ ಕಟ್ಟಿದ ಯಾವ ಮನೆಯಲ್ಲೂ ನಡೆಯಬಹುದಾದ ಕೆಲಸ. ಉಪ್ಪಿನಕಾಯಿ ಕ್ಷೇಮವಾಗಿ ತಲುಪಿತು. ಎಣ್ಣೆ ಕುಡಿದ ಪುಟಗಳನ್ನು ಬಾಟಲಿಯ ಜೊತೆಗೇ ಬಿಸಾಡಿದರು.

ಕತೆ ಇಷ್ಟು: ಒಂದು ಹೊಳೆ, ಅದರಲ್ಲಿ ದೋಣಿ ದಾಟಿಸುವ ಒಬ್ಬ ಅಂಬಿಗ. ಹೊಳೆಗೆ ಸೇತುವೆ ಬರುತ್ತದೆ. ಆ ಸೇತುವೆಗೆ ಬೇಕಾದ ಸಿಮೆಂಟು, ಕಬ್ಬಿಣ, ಎಂಜಿನಿಯರು, ಎಲ್ಲವನ್ನೂ ಆಚೆ ದಡಕ್ಕೆ ದಾಟಿಸುವವನು ಇವನೇ. ಸೇತುವೆಯ ಉದ್ಘಾಟನೆಯ ದಿನ ಜನ ಮೇಲೆ ನಡೆದು ಹೋಗುತ್ತಿರುವಾಗ ಇವನು ದೋಣಿ ಒತ್ತುವ ಜಲ್ಲೆ ಹಿಡಿದು ದಡದಲ್ಲಿ ನಿಂತಿದ್ದಾನೆ. ಅಲ್ಲಿಗೆ ಪುಸ್ತಕ ಹರಿದಿತ್ತು.

ಕಾಕನ ಎಡಗೈ ಅಂಬಿಗನ ಜಲ್ಲೆ. ಒತ್ತಿ, ಬಿಟ್ಟು, ಜಾರಿ, ಮತ್ತೆ ಒತ್ತುವ ಒಂದೇ ನಡೆ. ಬಲಗೈಯಲ್ಲಿ ದೋಣಿ ಹತ್ತಿ ಇಳಿಯುವ ಜನ: ಮದುಮಗಳು, ಕೋಳಿ ಮಾರುವವ, ಶಾಲೆಯ ಮಕ್ಕಳು. ಹಾಗೆ ಸಾಗಿ ಸಾಗಿ ಉದ್ಘಾಟನೆಯ ದಿನ ಬರುತ್ತದೆ. ಅಲ್ಲಿಂದ ಮುಂದೆ ಏನೂ ಬರೆದಿಟ್ಟಿರಲಿಲ್ಲ. ಕೂತಲ್ಲಿ ತೋಚಿದ್ದೇ ಸಂಗೀತ. ಕತೆಯ ಕೊನೆ ಗೊತ್ತಿಲ್ಲದ ಕಾರಣ ಪ್ರತಿ ಸಲ ಹೊಸ ಕೊನೆ. ಜಾಝ್ ವಿಮರ್ಶಕರು ಇದನ್ನು ಬಹಳ ಮೆಚ್ಚಿದ್ದರಂತೆ. ಕಾಕನಿಗೆ ಮೆಚ್ಚುಗೆಯಿರಲಿಲ್ಲ.

“ಒಂದೂ ಸರಿಯಾಗಲಿಲ್ಲ ಮಾರಾಯ. ಹೊಳೆಗೆ ಹಾರಿಸಿದೆ, ದೋಣಿಗೆ ಬೆಂಕಿ ಕೊಡಿಸಿದೆ, ಒಮ್ಮೆ ಗಲ್ಫಿಗೂ ಕಳಿಸಿದೆ. ಅವ ನನ್ನ ಕೈಗೆ ಸಿಕ್ಕುವುದಿಲ್ಲ.”

ಅವರಿಗೆ ಉಳಿದಿದ್ದ ಆಸೆ ಅದೊಂದೇ. ಕತೆಯ ಭಾಷೆ ಗೊತ್ತಿರುವ ಜನರ ಮುಂದೆ, ಈ ಊರಿನಲ್ಲಿ, ಅಂಬಿಗನ ಇಡೀ ಕತೆಯನ್ನು ಒಮ್ಮೆ ಸರಿಯಾಗಿ ಮುಗಿಸಬೇಕು. ಹಾಗಾದರೆ ಆ ಪುಸ್ತಕವನ್ನು ಹುಡುಕಿದರಾಯಿತಲ್ಲ, ಹೆಸರು ಗೊತ್ತಿಲ್ಲದಿದ್ದರೂ ಕತೆ ಹೇಳಿದರೆ ಯಾರಾದರೂ ಹೇಳಿಯಾರು ಎಂದೆ. ಅವರ ಮುಖ ಸಣ್ಣದಾಯಿತು. ಯಾರಾದರೂ ಹೇಳಿಬಿಟ್ಟಾರು ಎಂಬುದೇ ಅವರ ಹೆದರಿಕೆಯಾಗಿತ್ತು ಎಂದು ಆಗ ಗೊತ್ತಾಯಿತು. ನಾನು ನನ್ನ ಜನ್ಮದಲ್ಲಿ ಬಾಯಿ ಮುಚ್ಚಿಕೊಂಡ ಕೆಲವೇ ಸಂದರ್ಭಗಳಲ್ಲಿ ಅದೊಂದು.

ವಾಯನಶಾಲೆಯವರು ಅವರಿಗೆ ಸನ್ಮಾನ ಮಾಡಲು ಹೊರಟಾಗ ಕಾಕ, ಶಾಲು ಬೇಡ, ಬಾರಿಸಲು ಜಾಗ ಕೊಡಿ ಎಂದರು. ಜಾಗವನ್ನೂ ಕೊಟ್ಟರು, ಶಾಲನ್ನೂ ಬಿಡಲಿಲ್ಲ. ಪಿಯಾನೋ ಸಾಗಿಸಲು ಪೇಟೆಯ ಹೊರೆ ಕಾರ್ಮಿಕರು ಬಂದರು. ಅದನ್ನು ಪೀಠೋಪಕರಣ ಎಂದು ಎತ್ತುವುದೋ ಯಂತ್ರ ಎಂದು ಎತ್ತುವುದೋ ಎಂದು ಅವರೊಳಗೆ ಚರ್ಚೆಯಾಯಿತು. ಎರಡಕ್ಕೂ ನಿಯಮ ಬೇರೆ. ಕಡೆಗೆ ಅವರ ನಾಯಕ ಒಂದು ಕೀಲಿ ಒತ್ತಿ, ಅದು ಠಂಯ್ ಎಂದಾಗ ಹೆದರಿ ಕೈ ತೆಗೆದು, ಇದು ಜೀವ ಇರುವ ಸಾಮಾನು, ಮೆಲ್ಲ ಹಿಡಿಯಿರಿ ಎಂದು ತೀರ್ಪು ಕೊಟ್ಟ. ಅಷ್ಟು ಭಾರದ್ದು ಎಂತ ಮಾಡುತ್ತದೆ ನೋಡಿಯೇ ಹೋಗುವ ಎಂದು ಅವರೆಲ್ಲ ಮುಂದಿನ ಸಾಲಿನಲ್ಲಿ, ಗಣ್ಯರಿಗೆ ಕಾದಿರಿಸಿದ ಕುರ್ಚಿಗಳಲ್ಲಿ ಕೂತರು. ಕಾಕನಿಗೆ ಪರಮ ಸಂತೋಷ.

ಭಾಷಣಗಳಾದವು. ನಮ್ಮಲ್ಲಿ ಸನ್ಮಾನ ಎಂದರೆ ಸನ್ಮಾನಿತನ ತಾಳ್ಮೆಯ ಪರೀಕ್ಷೆ. ಪಂಚಾಯತ್ ಮೆಂಬರ್ ಸಂಗೀತದ ಬಗ್ಗೆ ತನಗೇನೂ ಗೊತ್ತಿಲ್ಲವೆಂದು ಹೇಳಿ, ಗೊತ್ತಿಲ್ಲದ್ದನ್ನು ಅರ್ಧ ಗಂಟೆ ವಿವರಿಸಿದರು. ನಾನು ಅದನ್ನೆಲ್ಲ ಮುಂದಿನ ವರ್ಷದ ಕಾರ್ಯಕ್ರಮಕ್ಕೆಂದು ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡೆ. ಸಂಜೆಯ ಬಿಸಿಲು ಕಿಟಕಿಯಿಂದ ಒಳಗೆ ಬರುವ ಹೊತ್ತಿಗೆ ಕಾಕ ಹೆಗಲ ಶಾಲನ್ನು ಮಡಚಿ ಸ್ಟೂಲಿನ ಮೇಲೆ ಹಾಕಿ, ಅದರ ಮೇಲೆ ಕೂತರು.

ಪ್ರತಿ ಭಾಗಕ್ಕೂ ಮೊದಲು ಕತೆಯ ನಾಲ್ಕು ಸಾಲನ್ನು ನಾನು ಓದಬೇಕಿತ್ತು. ಸಾದಾ ಓದಿದೆ. ನನ್ನ ಅಮ್ಮ ಆಮೇಲೆ, ನಿನಗೆ ಹುಷಾರಿರಲಿಲ್ಲವಾ ಎಂದು ಕೇಳಿದರು. ಕಾಕನ ಎಡಗೈ ಹೊಳೆಗಿಳಿಯಿತು. ಜಾಝ್ ಎಂದರೆ ಏನೆಂದು ಆ ಸಭೆಯಲ್ಲಿ ಯಾರಿಗೆ ಗೊತ್ತಿತ್ತೋ ಇಲ್ಲವೋ, ದೋಣಿ ಎಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಕೋಳಿ ಮಾರುವವ ಹತ್ತಿದಾಗ ಹೊರೆ ಕಾರ್ಮಿಕರು ನಕ್ಕರು. ಸಿಮೆಂಟು ತುಂಬಿ ದೋಣಿ ತಗ್ಗಿದಾಗ, ಆ ಜಲ್ಲೆಯ ನಡೆ ನಿಧಾನವಾಗಿ, ಅವರಲ್ಲೊಬ್ಬ ತನಗರಿಯದೆ ಹೆಗಲು ಕೊಡುವವನ ಹಾಗೆ ಬಗ್ಗಿದ್ದನ್ನು ನಾನು ನೋಡಿದೆ.

ಕೊನೆಯ ಭಾಗಕ್ಕೆ ಮೊದಲು ಕಾಕನೇ ಮಾತಾಡಿದರು. ಪುಸ್ತಕ ಇಲ್ಲಿಗೆ ಹರಿದಿದೆ, ಮುಂದಿನದ್ದು ನನ್ನ ಕಲ್ಪನೆ ಎಂದರು. ಮೂರನೇ ಸಾಲಿನಲ್ಲಿ ಒಂದು ಕೈ ಎದ್ದಿತು. ಕುಂಬ್ಡಾಜೆಯಿಂದ ಬಂದಿದ್ದ, ನಿವೃತ್ತರಾದ ಕನ್ನಡ ಟೀಚರ್. ನಮ್ಮ ಅರ್ಧ ಊರಿಗೆ ಅಕ್ಷರ ಕಲಿಸಿದವರು, ನನ್ನ ಕಿವಿಯನ್ನು ಸಾಕಷ್ಟು ಹಿಂಡಿದವರು.

“ಅದರ ಕೊನೆ ನನಗೆ ಗೊತ್ತುಂಟು,” ಎಂದರು ಟೀಚರ್. “ಮಕ್ಕಳಿಗೆ ಓದಿ ಹೇಳಿದ ಕತೆ. ಹೇಳಲಾ?”

ಸಭೆ ತಿರುಗಿ ಅವರನ್ನು ನೋಡಿತು. ನಾನು ಕಾಕನನ್ನು ನೋಡಿದೆ. ತೆರೆದ ಬಾಯಿ ಹಾಗೆಯೇ ಇತ್ತು. ಇಷ್ಟು ವರ್ಷ ಊರೂರು ಸುತ್ತಿ ತಪ್ಪಿಸಿಕೊಂಡದ್ದು ಇಲ್ಲಿ ಮೂರನೇ ಸಾಲಿನಲ್ಲಿ ಕನ್ನಡಕ ಹಾಕಿ ಕೂತಿತ್ತು.

“ಒಂದು ನಿಮಿಷ ಟೀಚರೇ,” ಎಂದರು ಕಾಕ. “ನಾನೊಮ್ಮೆ ಬಾರಿಸಿಬಿಡ್ತೇನೆ. ಮತ್ತೆ ಹೇಳಿ.”

ಬಾರಿಸಿದರು. ಆ ದಿನ ಅವರು ಅಂಬಿಗನನ್ನು ಹೊಳೆಗೆ ಕೊಟ್ಟರು. ಎಡಗೈಯ ನಡೆ ಆಳಕ್ಕಿಳಿದು ಇಳಿದು, ಬಲಗೈ ಅವನ ಮೇಲೆ ನೀರಿನ ಹಾಗೆ ಮುಚ್ಚಿಕೊಂಡು, ಕೊನೆಗೆ ಒಂದೇ ಒಂದು ಸ್ವರ ತೇಲಿ ನಿಂತಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಹೊರೆ ಕಾರ್ಮಿಕರ ನಾಯಕ ತಲೆಯ ಮುಂಡಾಸಿನಿಂದ ಕಣ್ಣೊರಸಿಕೊಂಡ. ನಾನೂ ಅತ್ತೆ, ಯಾರ ಅನುಕರಣೆಯೂ ಅಲ್ಲದ ನನ್ನ ಅಳು ಬಹಳ ವಿಕಾರವಾಗಿರುತ್ತದೆ ಎಂದು ಆ ದಿನದ ವಿಡಿಯೋ ನೋಡಿದವರು ಹೇಳುತ್ತಾರೆ.

ಚಹಾದ ಹೊತ್ತಿಗೆ ಕಾಕ ತಾನಾಗಿ ಟೀಚರ ಬಳಿಗೆ ಹೋದರು. ನಾನು ಪಕ್ಕದಲ್ಲಿದ್ದೆ.

“ಈಗ ಹೇಳಿ.”

“ಅವ ಸಾಯುವುದಿಲ್ಲ,” ಎಂದರು ಟೀಚರ್. “ಆ ಸೇತುವೆ ಉಂಟಲ್ಲ, ಅದಕ್ಕೆ ಕಾವಲು ಬೇಕಾಗ್ತದೆ. ಇವನನ್ನೇ ಇಡ್ತಾರೆ. ಖಾಕಿ ಅಂಗಿ ಕೊಡ್ತಾರೆ, ಅಳತೆಗೆ ದೊಡ್ಡದು. ಅದನ್ನು ಹಾಕಿ ಸೇತುವೆಯ ತುದಿಯಲ್ಲಿ ಹೋಗಿ ನಿಲ್ತಾನೆ. ಅಷ್ಟೇ. ಇದೆಂತ ಕೊನೆ ಅಂತ ನನಗೂ ಬೇಜಾರಾಗಿತ್ತು. ನಿಮ್ಮದೇ ಲಾಯ್ಕ ಉಂಟು.”

ಖಾಕಿ ಅಂಗಿ, ಎಂದು ಕಾಕ ಒಮ್ಮೆ ತನ್ನಷ್ಟಕ್ಕೆ ಅಂದುಕೊಂಡರು. ಯಾರೋ ಬಂದು ಫೋಟೋ ತೆಗೆದರು. ಆ ಫೋಟೋದಲ್ಲಿ ಕಾಕ ಶಾಲು ಹೊದ್ದು, ದಾರಿ ತಪ್ಪಿದ ಮದುಮಗನ ಹಾಗೆ ನಿಂತಿದ್ದಾರೆ.

ಪಿಯಾನೋವನ್ನು ಪಿಕಪ್ ವ್ಯಾನಿಗೆ ಹತ್ತಿಸಿದಾಗ ಅವರು ಮುಂದೆ ಕೂರಲಿಲ್ಲ. ಹಿಂದೆ, ಪಿಯಾನೋದ ಪಕ್ಕ, ಅದಕ್ಕೆ ಪೆಟ್ಟು ತಾಗದಿರಲೆಂದು ಹಾಸಿದ್ದ ಹಾಸಿಗೆಯ ಮೇಲೆ ಕೂತರು. ಬೀಳದ ಹಾಗೆ ಹಿಡಿದುಕೊಳ್ಳಲು ನಾನೂ ಹತ್ತಿದೆ. ಹಿಡಿದದ್ದು ಕಾಕನನ್ನೋ ಪಿಯಾನೋವನ್ನೋ ಗೊತ್ತಿಲ್ಲ. ರಸ್ತೆಯ ಹೊಂಡಗಳಲ್ಲಿ ಅದರ ತಂತಿಗಳು ಒಳಗೆ ನರಳುತ್ತಿದ್ದವು. ಸ್ವಲ್ಪ ದೂರ ಹೋದ ಮೇಲೆ ಅವರು ಹೇಳಲು ಶುರು ಮಾಡಿದರು.

ಕೊನೆಯ ಕೆಲವು ವರ್ಷ ಅವರು ಆ ಹೋಟೆಲಿನಲ್ಲಿ ಪಿಯಾನೋ ಬಾರಿಸಿರಲಿಲ್ಲವಂತೆ. ಮ್ಯಾನೇಜ್‌ಮೆಂಟು ತನ್ನಷ್ಟಕ್ಕೆ ಬಾರಿಸುವ ಪಿಯಾನೋ ತರಿಸಿತ್ತು. ಗುಂಡಿ ಒತ್ತಿದರೆ ಸಾಕು, ಕೀಲಿಗಳು ತಾವೇ ಕೆಳಗಿಳಿದು ಮೇಲೆದ್ದು ಬೇಕಾದ ಹಾಡು ನುಡಿಸುತ್ತವೆ. ಇವರನ್ನು ಕಳುಹಿಸಲಿಲ್ಲ. ಹಳಬ, ಪಾಪ, ಎಂದು ಇಟ್ಟುಕೊಂಡರು. ಸಂಜೆ ಅದೇ ಕಪ್ಪು ಕೋಟು ಹಾಕಿ ಬರಬೇಕು, ಧೂಳು ಒರೆಸಬೇಕು, ಶ್ರುತಿ ನೋಡಬೇಕು, ಗುಂಡಿ ಒತ್ತಬೇಕು, ಪಕ್ಕದಲ್ಲಿ ನಿಲ್ಲಬೇಕು. ಬೇರೊಬ್ಬರ ಕೈ ಇವರ ಕೀಲಿಗಳ ಮೇಲೆ ಓಡುತ್ತದೆ, ಕೈ ಮಾತ್ರ ಕಾಣುವುದಿಲ್ಲ. ಒಂದು ಮಗು ಬಂದು, ಬಾರಿಸುವ ಅಂಕಲ್ ಎಲ್ಲಿ ಎಂದು ಕೇಳಿದಾಗ, ಚಹಾ ಕುಡಿಯಲು ಹೋಗಿದ್ದಾನೆ ಎಂದಿದ್ದರಂತೆ.

“ಹಳೇ ಪಿಯಾನೋ ಗೋಡೌನಿಗೆ ಹಾಕಿದ್ರು. ಬರುವಾಗ ಕೇಳಿದೆ, ಕೊಟ್ರು. ಅದೇ ಇದು,” ಎಂದು ಅದರ ಬೆನ್ನಿಗೆ ಕೈಯಿಟ್ಟರು. “ಮನೆಯವಳಿಗೆ ಗೊತ್ತಿಲ್ಲ. ಯಾರಿಗೂ ಹೇಳಲಿಲ್ಲ. ರಜೆಯಲ್ಲಿ ಬಂದಾಗಲೆಲ್ಲ ಅಲ್ಲಿ ಬಾರಿಸಿದ್ದರ ಕತೆಯೇ ಹೇಳ್ತಿದ್ದೆ.”

ನಾನು ಏನಾದರೂ ತಮಾಷೆ ಮಾಡಿ ಅವರನ್ನು ನಗಿಸಬೇಕೆಂದು ಹುಡುಕಿದೆ. ಒಂದೂ ಸಿಗಲಿಲ್ಲ.

“ಬರೆದವನಿಗೆ ಗೊತ್ತಿತ್ತು ನೋಡು,” ಎಂದರು ಕಾಕ ಮತ್ತೆ. “ನಾನು ಅಂಬಿಗನನ್ನು ಎಷ್ಟು ಸಲ ಕೊಂದೆ. ಅವ ಇಷ್ಟು ದಿನ ಅಲ್ಲೇ ಅಂಗಿ ಹಾಕಿ ನಿಂತಿದ್ದ.”

ಆಮೇಲೆ ಬಹಳ ದಿನ ಅವರು ನನ್ನನ್ನು ಓದಲು ಕರೆಯಲಿಲ್ಲ. ಗರಗಸ ನಿಂತಾಗೆಲ್ಲ ಪಿಯಾನೋ ಕೇಳುತ್ತದೆ, ಒಂದೇ ತುಂಡನ್ನು ಸುತ್ತಿ ಸುತ್ತಿ ಬಾರಿಸುತ್ತಾರೆ ಎಂದು ಮಿಲ್ಲಿನವರು ಹೇಳುತ್ತಿದ್ದರು. ಒಂದು ದಿನ ಫೋನು ಮಾಡಿ, ಟೀಚರನ್ನು ಕರೆದುಕೊಂಡು ಬಾ ಎಂದರು. ಕುಂಬ್ಡಾಜೆಗೆ ಹೋಗಿ, ಟೀಚರನ್ನು ನನ್ನ ಸ್ಕೂಟರಿನ ಹಿಂದೆ ಕೂರಿಸಿ ತಂದೆ. ದಾರಿಯುದ್ದಕ್ಕೂ ಅವರು ನಾನು ಬ್ರೇಕು ಹಿಡಿಯುವ ರೀತಿಯಲ್ಲಿ ತಪ್ಪು ಹುಡುಕಿದರು.

ಕಾಕ ಹೊಸ ಕೊನೆಯನ್ನು ಬಾರಿಸಿದರು. ಅದರಲ್ಲಿ ಏನೂ ಆಗುವುದಿಲ್ಲ. ಬಲಗೈಯಲ್ಲಿ ಸೇತುವೆಯ ಮೇಲೆ ಬಸ್ಸು ಹೋಗುತ್ತದೆ, ಸೈಕಲ್ ಹೋಗುತ್ತದೆ, ಮದುವೆ ದಿಬ್ಬಣ ಹೋಗುತ್ತದೆ. ಯಾವುದೂ ಅವನಿಗಾಗಿ ನಿಲ್ಲುವುದಿಲ್ಲ. ಎಡಗೈ ಮಾತ್ರ ತನ್ನ ಹಳೆಯ ನಡೆಯನ್ನು ಬಿಟ್ಟಿಲ್ಲ. ಒತ್ತಿ, ಬಿಟ್ಟು, ಜಾರಿ, ಮತ್ತೆ ಒತ್ತಿ. ಗಟ್ಟಿ ನೆಲದ ಮೇಲೆ ನಿಂತವನು ಯಾರಿಗೂ ಕಾಣದ ಹಾಗೆ ಒಳಗೊಳಗೇ ದೋಣಿ ದಾಟಿಸುತ್ತಿದ್ದಾನೆ. ಅದು ಮುಗಿಯಲೂ ಇಲ್ಲ. ದೂರ ಹೋಗುವವರಿಗೆ ಕೇಳದಂತಾಗುವ ಹಾಗೆ ಸಣ್ಣದಾಯಿತು, ಅಷ್ಟೇ.

ಟೀಚರ್ ಬಹಳ ಹೊತ್ತು ಕನ್ನಡಕ ಒರೆಸಿದರು. ಮಕ್ಕಳಿಗೆ ಹೇಳುವಾಗ ಬೆಲ್ಲು ಹೊಡೆಯುತ್ತದೆ ಎಂದು ಆ ಪುಟವನ್ನು ತಾನು ಬೇಗ ಬೇಗ ಓದಿಬಿಟ್ಟಿದ್ದೆ, ಈಗ ಮತ್ತೊಮ್ಮೆ ಓದಿದ ಹಾಗಾಯಿತು ಎಂದರು.

ನನಗೆ ಸುಮ್ಮನಿರಲಾಗಲಿಲ್ಲ. ಮೊದಲಿನದ್ದಕ್ಕೆ ಜನ ಎದ್ದು ನಿಂತಿದ್ದರು ಕಾಕಾ, ಇದಕ್ಕೆ ಯಾರೂ ಏಳುವುದಿಲ್ಲ ಎಂದೆ.

“ಸಾಯಿಸುವುದು ಸುಲಭ ಮಾರಾಯ,” ಎಂದರು. “ಮರುದಿನ ಬೆಳಿಗ್ಗೆ ಅಂಗಿ ಹಾಕಿಸುವುದು ಕಷ್ಟ.”

ಒಂದೇ ಕೊನೆಯನ್ನು ಎರಡು ಸಲ ಬಾರಿಸದ ಮನುಷ್ಯ ಅಲ್ಲಿಂದ ಮುಂದೆ ಅದನ್ನು ಒಂದು ಸ್ವರವೂ ಬದಲಿಸದೆ ಬಾರಿಸಿದರು. ಕೊಚ್ಚಿಯಿಂದ ಯಾರೋ ಬಂದು ರೆಕಾರ್ಡ್ ಮಾಡಿಕೊಂಡು ಹೋದರು. ಅದನ್ನು ಕೇಳಿದ ಹೊರಗಿನವರು ಇದು ಅವರ ಅತ್ಯುತ್ತಮ ಕೃತಿ ಎಂದು ಬರೆದರು. ಕಾಕ ಅದನ್ನು ನನ್ನಿಂದ ಸಾದಾ ಸ್ವರದಲ್ಲಿ ಓದಿಸಿ ಕೇಳಿದರು, ಮತ್ತೆ ಪಂಚಾಯತ್ ಮೆಂಬರ ಸ್ವರದಲ್ಲಿ ಓದಿಸಿ ನಕ್ಕರು.

ಇತ್ತೀಚೆಗೆ ನನ್ನ ಗೆಳೆಯನೊಬ್ಬ ತನ್ನ ಫೋನು ತೋರಿಸಿದ. ಯಾರ ಸ್ವರ ಬೇಕೋ ಅದನ್ನು ಅರೆಗಳಿಗೆ ಕೇಳಿಸಿದರೆ ಸಾಕು, ಅದು ಅವರ ಹಾಗೆಯೇ ಮಾತಾಡುತ್ತದೆ. ನನ್ನ ಸ್ವರವನ್ನೂ ತೆಗೆಯಿತು, ನನಗಿಂತ ಸ್ಪಷ್ಟವಾಗಿ. ಈಗ ವಾರ್ಷಿಕೋತ್ಸವಗಳಲ್ಲಿ ನನ್ನ ಸಂದು ಸಣ್ಣದಾಗುತ್ತಿದೆ. ಮಂಗಳೂರಿನ ಒಂದು ಸ್ಟುಡಿಯೋದವರು ಅಂಥ ಯಂತ್ರದ ಸ್ವರಗಳು ನಮ್ಮ ಕಡೆಯ ಮಾತನ್ನು ಸರಿಯಾಗಿ ಆಡುತ್ತವೆಯೇ ಎಂದು ಕೇಳಿ ಹೇಳುವ ಕೆಲಸ ಕೊಟ್ಟಿದ್ದಾರೆ. ಮೊದಲ ದಿನ ಬೆಳಿಗ್ಗೆ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತವನಿಗೆ ನಗು ಬಂತು. ಅಳು ಬರಬೇಕಾದಲ್ಲಿ ನಗು ಬಂದದ್ದು ಕಾಕನಿಂದಾಗಿ. ಆ ಸಾಲ ನನ್ನ ಮೇಲೆ ಹಾಗೆಯೇ ಇರಲಿ.

ಕಾಕ ಮಳೆ ಹಿಡಿದ ಒಂದು ಶುಕ್ರವಾರ, ಪಿಯಾನೋದೊಳಗಿನ ಬಲ್ಬು ಬದಲಾಯಿಸಿ, ಕೈ ತೊಳೆದು ಊಟಕ್ಕೆ ಕೂತಲ್ಲಿ ಹೋದರು. ಮಸೀದಿಯ ಗೇಟಿನ ಹೊರಗೆ ಹೊರೆ ಕಾರ್ಮಿಕರು ಸಾಲಾಗಿ ನಿಂತಿದ್ದರು, ಟೀಚರ್ ಕೊಡೆ ಹಿಡಿದು ನಿಂತಿದ್ದರು.

ಕೆಲವು ದಿನ ಕಳೆದು ಮನೆಗೆ ಹೋದೆ. ಕಾಕನ ಮನೆಯವರನ್ನು ನಾನು ಮಾಮಿ ಎನ್ನುವುದು. ಅಷ್ಟು ವರ್ಷ ನಾನು ಹೋಗಿ ಬಂದರೂ ಅವರು ಅಡುಗೆಮನೆಯ ಬಾಗಿಲಿನಿಂದ ಚಹಾ ಕೊಟ್ಟು ಒಳಗೆ ಹೋಗುವವರು. ಅಂದು ಹೊರಗೆ ಬಂದು ಎದುರು ಕೂತರು. ಕಾಕನಿಗೆ ಅಂಬಿಗನ ಕೊನೆ ಸಿಕ್ಕಿದ್ದು ಹೇಗೆ ಎಂದು ಕೇಳಿದರು. ಟೀಚರ ವಿಷಯ ಹೇಳಿದೆ, ಖಾಕಿ ಅಂಗಿಯ ವಿಷಯ ಹೇಳಿದೆ. ವ್ಯಾನಿನಲ್ಲಿ ಕೇಳಿದ್ದನ್ನು ಹೇಳುವುದೋ ಬೇಡವೋ ಎಂದು ನಾನು ತೊದಲುವಾಗ ಮಾಮಿಯೇ ಹೇಳಿದರು.

“ಆ ಮಿಶೀನಿನ ಪಿಯಾನೋ ತಾನೆ? ನನಗೆ ಗೊತ್ತುಂಟು ಮಗಾ.”

ಯಾರು ಹೇಳಿದರು ಎಂದು ಕೇಳಿದೆ.

“ಯಾರು ಹೇಳುವುದು? ಅವರು ರಜೆಯಲ್ಲಿ ಬಂದಾಗಲೆಲ್ಲ ನಿದ್ದೆಯಲ್ಲಿ ಬೆರಳು ಆಡ್ತಿತ್ತು. ಚಾಪೆಯ ಮೇಲೆ, ದಿಂಬಿನ ಮೇಲೆ, ನನ್ನ ಕೈ ಸಿಕ್ಕಿದ್ರೆ ನನ್ನ ಕೈಯ ಮೇಲೆ. ಒಂದು ವರ್ಷ ಬಂದವರು ಕಲ್ಲಿನ ಹಾಗೆ ಮಲಗಿದ್ರು. ಅಲ್ಲಿ ಇವರಿಗೆ ಬಾರಿಸ್ಲಿಕ್ಕೆ ಇಲ್ಲ ಅಂತ ಆಗಲೇ ಗೊತ್ತಾಯ್ತು. ಮಿಶೀನಿನ ಸುದ್ದಿ ಮತ್ತೆ ಅಲ್ಲಿಂದ ಬಂದವರ ಬಾಯಲ್ಲಿ ಬಿತ್ತು. ನಾನು ಕೇಳಿದ್ರೆ ಅವರಿಗೆ ಸುಳ್ಳು ಹೇಳಬೇಕಾಗ್ತಿತ್ತು, ಪಾಪ. ಕೇಳಲಿಲ್ಲ.”

ಅವರು ತಲೆವಸ್ತ್ರದ ಸೆರಗಿನಿಂದ ಮುಖ ಒರೆಸಿಕೊಂಡು, ಸ್ವಲ್ಪ ನಕ್ಕರು.

“ಈ ಕೊನೆಯ ಒಂದು ವರ್ಷ ಮಾತ್ರ,” ಎಂದರು, “ಆ ಬೆರಳು ನನಗೆ ಮಲಗ್ಲಿಕ್ಕೇ ಬಿಡಲಿಲ್ಲ.”